ಹದಿನಾಲ್ಕು ಗಂಟೆಯ ದಾರಿ

೧೪ ನವೆಂಬರ್, ಗುರುವಾರ
ಮನೆಯಿಂದ

ಬಂಗಾರಿ,

ನಿನ್ನ ದೊಡ್ಡಮ್ಮನ ಪ್ರೀತಿ ಮೊದಲು ನಿನ್ನನ್ನು ಮುಟ್ಟಲಿ. ಪತ್ರ ಓದಿ ಮುಗಿಸಿದ ಮೇಲೆ ಅದನ್ನು ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ನಿನಗೆ ಬಿಟ್ಟದ್ದು.

ನಿನ್ನ ಕಾಗದ ಬಂದು ಹದಿನಾರು ದಿನವಾಯಿತು. ಫೋನಿನಲ್ಲಿ ಕೇಳಿದರೆ ದೊಡ್ಡಮ್ಮ ಮಾತು ತೇಲಿಸಿಬಿಡುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ ಎಂದಿದ್ದೀಯ. ನಿಜ. ಈ ಹದಿನಾರು ದಿನದಲ್ಲಿ ನಾನು ಆರು ಸಲ ಬರೆಯಲು ಕೂತೆ. ಐದು ಸಲ ಚಳಿಯ ವಿಚಾರ, ನನ್ನ ಮಂಡಿನೋವು, ಪಕ್ಕದ ಮನೆಯ ನಾಯಿ ಇಷ್ಟರಲ್ಲೇ ಪುಟ ತುಂಬಿಸಿ ಹರಿದುಹಾಕಿದೆ. ಇವತ್ತು ಕೆಲಸಕ್ಕೆ ರಜೆ ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಬೆಳಿಗ್ಗೆಯಿಂದ ಕೂತಿದ್ದೇನೆ. ಇದನ್ನು ಹರಿಯುವುದಿಲ್ಲ.

ಲಕೋಟೆಯಲ್ಲಿ ನೀನು ಮಡಚಿಟ್ಟಿದ್ದ ಮುದ್ರಿತ ಹಾಳೆಯನ್ನು ನೋಡಿದೆ. ನಮ್ಮ ವಿಮಾನ ನಿಲ್ದಾಣಕ್ಕೂ ನಿಮ್ಮ ವಿಮಾನ ನಿಲ್ದಾಣಕ್ಕೂ ನಡುವೆ ಹನ್ನೊಂದು ಸಾವಿರದ ಇನ್ನೂರ ಅರವತ್ತು ಕಿಲೋಮೀಟರ್. ಪ್ರಯಾಣದ ಸಮಯ ಹದಿನಾಲ್ಕು ಗಂಟೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೇಳಿದ್ದೀಯ: ಹದಿನಾಲ್ಕು ಗಂಟೆಯ ದಾರಿಗೆ ಅಮ್ಮನ ಡಬ್ಬಿ ನಲವತ್ತೊಂದು ಗಂಟೆ ಯಾಕೆ ತೆಗೆದುಕೊಂಡಿತು? ಅದನ್ನು ತಂದ ಮನುಷ್ಯ ಈಗ ಎಲ್ಲಿದ್ದಾನೆ? ಮುಂದಿನ ತಿಂಗಳು ನಾನು ಬಂದಾಗ ಅವನೆದುರು ನಿಂತು ಒಂದು ಮಾತು ಕೇಳಬೇಕು, ವಿಳಾಸ ಕೊಡು.

ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ, ಈಗ ಇಪ್ಪತ್ತು. ಇಷ್ಟು ವರ್ಷ ನಿನ್ನಪ್ಪನ ಬಾಯಲ್ಲಿ ನೀನು ಕೇಳಿರುವುದು ಒಂದೇ ಕಥೆ. ಅಮ್ಮನ ರಕ್ತಕ್ಕೆ ಕ್ಯಾನ್ಸರ್ ಬಂತು. ದೊಡ್ಡಮ್ಮನ ಸ್ಟೆಮ್ ಸೆಲ್ ಅಮ್ಮನಿಗೆ ಹೊಂದಿಕೆಯಾಯಿತು. ದೊಡ್ಡಮ್ಮ ಕೊಟ್ಟಳು. ತಂದವನು ದಾರಿಯಲ್ಲಿ ತಡ ಮಾಡಿದ. ಡಬ್ಬಿ ಕೆಟ್ಟಿತು, ಅಮ್ಮ ಹೋದಳು. ಈ ಕಥೆಯಲ್ಲಿ ನಾನು ಒಳ್ಳೆಯವಳು. ಹನ್ನೊಂದು ವರ್ಷ ಅದರಲ್ಲೇ ಬೆಚ್ಚಗೆ ಕೂತಿದ್ದೆ.

ಮೊದಲು ನೀನು ಕೇಳಿದ ಲೆಕ್ಕಕ್ಕೆ ಉತ್ತರ ಕೊಡುತ್ತೇನೆ, ಅದು ಸುಲಭ. ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ತೂಕ ಹಾಕುವವಳು ನಾನು. ಹೂವಿನ ಪೆಟ್ಟಿಗೆ, ಯಂತ್ರದ ಬಿಡಿಭಾಗ, ಒಂದು ದಿನದ ಕೋಳಿಮರಿ, ಶವಪೆಟ್ಟಿಗೆ, ಎಲ್ಲವೂ ನನ್ನ ತಕ್ಕಡಿಯ ಮೇಲೆ ನಿಂತೇ ಹಾರಬೇಕು. ನಿನ್ನ ಹಾಳೆಯಲ್ಲಿರುವ ದೂರ ಭೂಗೋಳದ ಗುಂಡಿನ ಮೇಲೆ ದಾರ ಎಳೆದು ಅಳೆದದ್ದು. ಆ ದಾರದ ಮೇಲೆ ಯಾವ ವಿಮಾನವೂ ಹೋಗುವುದಿಲ್ಲ. ನಮ್ಮಿಂದ ನಿಮ್ಮಲ್ಲಿಗೆ ನೇರ ವಿಮಾನ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಸರಕು ಹೇರುವ ಲೆಕ್ಕ ಮಾಡುವವನೊಬ್ಬನಿದ್ದ. ಎಲ್ಲದಕ್ಕೂ ಗಾಳಿಯ ದಿಕ್ಕನ್ನೇ ಹೇಳುತ್ತಿದ್ದುದರಿಂದ ಗಾಳಿ ಮಾಸ್ತರ ಎಂದು ಕರೆಯುತ್ತಿದ್ದೆವು. ಕಿಲೋಮೀಟರ್ ಕೇಳಬೇಡಿ, ಎದುರುಗಾಳಿಯೋ ಬೆನ್ನುಗಾಳಿಯೋ ಅಷ್ಟು ಕೇಳಿ ಎನ್ನುತ್ತಿದ್ದ. ಆವತ್ತಿನ ದಾರಿ ಹೀಗಿತ್ತು: ಇಲ್ಲಿಂದ ನಡುವಿನ ನಿಲ್ದಾಣಕ್ಕೆ ಆರು ಗಂಟೆ ನಲವತ್ತು ನಿಮಿಷ, ಅಲ್ಲಿ ನಾಲ್ಕು ಗಂಟೆ ಕಾಯುವುದು, ಅಲ್ಲಿಂದ ನಿಮ್ಮಲ್ಲಿಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಎಲ್ಲ ಸರಿಯಿದ್ದರೆ ಇಪ್ಪತ್ತು ಗಂಟೆ. ನಡುವಿನ ನಿಲ್ದಾಣದಲ್ಲಿ ಮಂಜು ಕವಿದು ಇಪ್ಪತ್ತೊಂದು ಗಂಟೆ ಹೋಯಿತು. ಒಟ್ಟು ನಲವತ್ತೊಂದು. ಇದರಲ್ಲಿ ಯಾರ ಕೈವಾಡವೂ ಇಲ್ಲ. ಆದರೆ ಬಂಗಾರಿ, ನೀನು ಲೆಕ್ಕ ಶುರು ಮಾಡಿರುವ ಜಾಗವೇ ತಪ್ಪು. ಡಬ್ಬಿ ಇಲ್ಲಿಂದ ಹೊರಟ ಘಳಿಗೆಯಿಂದ ಎಣಿಸುತ್ತಿದ್ದೀಯ. ಅದಕ್ಕೂ ಮುಂಚೆ ಇಪ್ಪತ್ತಮೂರು ದಿನ ಇದೆ.

ಅದನ್ನು ಹೇಳಬೇಕಾದರೆ ಅಜ್ಜಿಯಿಂದ ಹೇಳಬೇಕು.

ಅಜ್ಜಿಗೆ ಲಕ್ವ ಹೊಡೆದು ನಾಲ್ಕು ವರ್ಷ ಎರಡು ತಿಂಗಳು ಮಲಗಿದ್ದರು. ಲಕ್ವ ಹೊಡೆದಾಗ ನೀನಿನ್ನೂ ತೊದಲು ಮಾತಾಡುತ್ತಿದ್ದೆ, ನಿನ್ನಮ್ಮ ಅಲ್ಲಿ, ನಾನು ಇಲ್ಲಿ. ಮದುವೆ ಬೇಡ ಎಂದವಳಿಗೆ ಸಂಸಾರದ ಕಾಟವಿಲ್ಲ ಎಂದು ಜನ ಹೇಳುತ್ತಿದ್ದರು. ನಾನು ಬೆಳಿಗ್ಗೆ ಅಜ್ಜಿಗೆ ಮೈ ಒರೆಸಿ, ಉಣಿಸಿ, ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತೈದು ನಿಮಿಷ ಬಸ್ಸಿನಲ್ಲಿ ಬಂದು, ಅವರನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿಸಿ, ಬಟ್ಟೆ ಬದಲಿಸಿ, ಮತ್ತೆ ಇಪ್ಪತ್ತೈದು ನಿಮಿಷ ಬಸ್ಸಿನಲ್ಲಿ ಓಡುತ್ತಿದ್ದೆ. ನನ್ನ ಊಟ ಬಸ್ಸಿನಲ್ಲೇ ಆಗುತ್ತಿತ್ತು. ನಡುವೆ ಮೇಲಿನ ಮನೆಯಾಕೆ ಬಂದು ಒಂದು ಸಲ ಹೊರಳಿಸುತ್ತಿದ್ದಳು. ಕೊನೆಯ ಆರು ವಾರ ಆಕೆ ಮಗಳ ಮನೆಗೆ ಹೋಗಿದ್ದಳು. ಆಗಲೇ ಅಜ್ಜಿಯ ಬೆನ್ನು ಒಡೆದದ್ದು.

ಅಜ್ಜಿ ಹೋದ ಮಾರನೇ ದಿನ ನಿನ್ನಮ್ಮ ಬಂದಳು. ಇಬ್ಬರೂ ಸೇರಿ ಮೈ ತೊಳೆದೆವು. ಪಕ್ಕಕ್ಕೆ ತಿರುಗಿಸಿದಾಗ ಅವಳು ಬೆನ್ನು ನೋಡಿದಳು. ಸೊಂಟದ ಮೇಲೆ ಅಂಗೈಯಷ್ಟು ಹುಣ್ಣು. ಕೇಳಿದಳು: "ಅಕ್ಕಾ, ನೀನು ಅಮ್ಮನ್ನ ಮಗ್ಗುಲು ಬದಲಾಯಿಸ್ತಾ ಇರಲಿಲ್ವಾ?"

ಅಷ್ಟೇ. ದನಿ ಏರಿಸಲಿಲ್ಲ. ದೂರುವ ಉದ್ದೇಶ ಇತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಂಡದ್ದು ಬಾಯಿಗೆ ಬಂದಿರಬಹುದು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಬೋಗುಣಿಯೊಳಗೆ ಹಾಕಿ ಎದ್ದು ಹೋದೆ. ಮಿಕ್ಕದ್ದನ್ನು ಅವಳೊಬ್ಬಳೇ ತೊಳೆದಳು. ಮೂರು ದಿನ ಇದ್ದು ಹೊರಟಳು. ನಾನು ನಿಲ್ದಾಣದಲ್ಲೇ ಕೆಲಸ ಮಾಡುವವಳು, ಬೀಳ್ಕೊಡಲು ಹೋಗಲಿಲ್ಲ. ಅವಳ ವಿಮಾನದ ಹೊಟ್ಟೆಗೆ ಆ ದಿನ ಎಷ್ಟು ಸರಕು ಬಿತ್ತು ಎಂಬುದು ಮಾತ್ರ ಗೊತ್ತು, ನಾನೇ ತೂಗಿದ್ದು. ಆಮೇಲೆ ಮೂರು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ಅವಳು ಎರಡು ಸಲ ಕಾಗದ ಬರೆದಳು, ನಾನು ಉತ್ತರಿಸಲಿಲ್ಲ. ಕಡೆಗೆ ಅವಳೂ ನಿಲ್ಲಿಸಿದಳು.

ಒಂದು ಮಧ್ಯಾಹ್ನ ಶೆಡ್ಡಿಗೇ ನಿನ್ನಪ್ಪನ ಫೋನು ಬಂತು. ಕಾಯಿಲೆಯ ಹೆಸರು ಹೇಳಿದರು, ನನಗೆ ಎರಡು ಸಲ ಕೇಳಿದ ಮೇಲೆ ಅರ್ಥವಾಯಿತು. ಔಷಧಿಯಿಂದ ಸದ್ಯಕ್ಕೆ ಹತೋಟಿಗೆ ಬಂದಿದೆ, ಆದರೆ ಮತ್ತೆ ಏಳುವ ಮೊದಲು ಬೇರೆಯವರ ಸ್ಟೆಮ್ ಸೆಲ್ ಹಾಕಬೇಕು, ಒಡಹುಟ್ಟಿದವರದ್ದೇ ಹೊಂದುವ ಸಾಧ್ಯತೆ ಹೆಚ್ಚು ಎಂದರು. ನಾನು ಮಾರನೇ ದಿನವೇ ಇಲ್ಲಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆ. ಅದರಲ್ಲಿ ಒಂದು ದಿನವೂ ತಡ ಮಾಡಲಿಲ್ಲ, ಇದನ್ನು ನನ್ನ ಪರವಾಗಿ ಬರೆದುಕೋ. ಪೂರ್ತಿ ಹೊಂದಿಕೆಯಾಯಿತು. ಆಸ್ಪತ್ರೆಯಲ್ಲಿ ದಾನಿಗಳನ್ನು ನೋಡಿಕೊಳ್ಳುವ ನರ್ಸ್ ಒಬ್ಬಳಿದ್ದಳು. ಅವಳು ಈ ಸುದ್ದಿ ಹೇಳಿದಾಗ ನನಗೆ ಸಂತೋಷವಾಯಿತು. ಆ ಸಂತೋಷದ ಬಣ್ಣವನ್ನು ನಿನಗೆ ತೋರಿಸಬೇಕು. ತಂಗಿ ಬದುಕುತ್ತಾಳೆ ಎಂಬ ಸಂತೋಷ ಇತ್ತು. ಅದರ ಬಗಲಲ್ಲೇ ಇನ್ನೊಂದು ಕೂತಿತ್ತು: ಈಗ ಅವಳು ನನ್ನ ಬಾಗಿಲಿಗೆ ಬರಲೇಬೇಕು.

ನಾನೇ ಅಲ್ಲಿಗೆ ಬರಬಹುದಿತ್ತು, ಆದರೆ ವೀಸಾಕ್ಕೆ ಆರು ವಾರ ಬೇಕಿತ್ತು. ಮನುಷ್ಯರಿಗೆ ಆರು ವಾರ, ಡಬ್ಬಿಗೆ ಒಂದು ಕಾಗದ ಸಾಕು. ಇಲ್ಲೇ ತೆಗೆದು ಕಳಿಸುವುದು ಎಂದು ತೀರ್ಮಾನವಾಯಿತು. ಐದು ದಿನ ನನಗೆ ಸೂಜಿಮದ್ದು, ಆರನೇ ದಿನ ಯಂತ್ರ. ನರ್ಸ್ ದಿನ ಗೊತ್ತು ಮಾಡಿದಳು.

ಸೂಜಿ ಶುರುವಾಗಬೇಕಿದ್ದ ಬೆಳಿಗ್ಗೆ ನಾನು ಫೋನು ಮಾಡಿ ಜ್ವರ ಎಂದೆ. ಜ್ವರ ಇತ್ತು, ಪೂರ್ತಿ ಸುಳ್ಳಲ್ಲ. ಥರ್ಮಾಮೀಟರ್ ತೊಂಬತ್ತೊಂಬತ್ತು ತೋರಿಸಿತು, ನಾನು ನೂರಾ ಎರಡು ಎಂದೆ. ತೂಕದವಳಿಗೆ ತಕ್ಕಡಿಯ ಮುಳ್ಳು ಒತ್ತುವುದು ಗೊತ್ತಿರುತ್ತದೆ. ಒಂದು ವಾರ ಮುಂದಕ್ಕೆ ಹೋಯಿತು. ಎರಡನೆಯ ಸಲ ವಾಂತಿ ಎಂದೆ. ಅದು ಪೂರ್ತಿ ಸುಳ್ಳು. ಮೂರನೆಯ ಸಲ ಶೆಡ್ಡಿನಲ್ಲಿ ವರ್ಷದ ತಪಾಸಣೆ, ರಜೆ ಕೊಡುತ್ತಿಲ್ಲ ಎಂದೆ. ರಜೆಯನ್ನು ನಾನು ಕೇಳಿಯೇ ಇರಲಿಲ್ಲ. ವಿಷಯ ತಿಳಿದಿದ್ದರೆ ನಮ್ಮ ಮೇಲಧಿಕಾರಿ ತಾನೇ ಗಾಡಿಯಲ್ಲಿ ಕೂರಿಸಿಕೊಂಡು ಬಿಟ್ಟುಬರುತ್ತಿದ್ದ, ಅಂಥ ಮನುಷ್ಯ.

ಪ್ರತಿ ಸಲವೂ ನಿನ್ನಪ್ಪ ಫೋನು ಮಾಡುತ್ತಿದ್ದರು. ಅಕ್ಕಾ, ಮೈ ಹೇಗಿದೆ, ಔಷಧಿ ತಗೊಂಡ್ರಾ ಎಂದು ನನ್ನ ಸುಳ್ಳು ಜ್ವರದ ಯೋಗಕ್ಷೇಮ ವಿಚಾರಿಸುತ್ತಿದ್ದರು. ನಾನು ಕಾಯುತ್ತಿದ್ದದ್ದು ಅವರ ಮಾತಿಗಲ್ಲ. ನಿನ್ನಮ್ಮ ತಾನೇ ಬಾಯಿಬಿಟ್ಟು ಕೇಳಬೇಕಿತ್ತು. ಅಕ್ಕಾ, ಆವತ್ತು ನಾನು ಹಾಗೆ ಹೇಳಬಾರದಿತ್ತು, ನೀನು ಅಮ್ಮನನ್ನು ಚೆನ್ನಾಗಿಯೇ ನೋಡಿಕೊಂಡೆ, ಇಷ್ಟು ಸಾಕಿತ್ತು. ಇಷ್ಟು ಕೇಳಿಸಿಕೊಂಡಿದ್ದರೆ ಅದೇ ಘಳಿಗೆ ಓಡುತ್ತಿದ್ದೆ. ಕೊಡಲೇಬಾರದು ಎಂದು ನಾನು ಯಾವತ್ತೂ ಅಂದುಕೊಳ್ಳಲಿಲ್ಲ, ಬಂಗಾರಿ. ಕೊಡುವುದು ಖಂಡಿತ, ಸ್ವಲ್ಪ ಕಾಯಲಿ, ಅಷ್ಟೇ. ಕಾಯಿಲೆ ಕಾಯುವುದಿಲ್ಲ ಎಂದು ನನಗೆ ಯಾರೂ ಹೇಳಲಿಲ್ಲ ಎಂದು ಬರೆಯಲು ಹೊರಟಿದ್ದೆ. ಹೇಳಿದ್ದರು. ನಿನ್ನಪ್ಪ ಹೇಳಿದ್ದರು, ನರ್ಸ್ ಹೇಳಿದ್ದಳು.

ಇಪ್ಪತ್ತಮೂರನೇ ದಿನ ನರ್ಸ್ ನನ್ನನ್ನು ಆಸ್ಪತ್ರೆಗೆ ಕರೆಸಿದಳು. ಸಣ್ಣ ಕೋಣೆ, ಎರಡು ಕುರ್ಚಿ, ಗೋಡೆಯ ಮೇಲೆ ಕೈ ತೊಳೆಯುವ ಚಿತ್ರ. ಬಾಗಿಲು ಹಾಕಿ, ನನ್ನ ಕಣ್ಣು ನೋಡಿಕೊಂಡು ಹೇಳಿದಳು: "ಕೊಡೋಕೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ. ಅದು ನಿಮ್ಮ ಹಕ್ಕು. ಕಾರಣ ಏನು ಅಂತ ನಾವು ಯಾರಿಗೂ ಹೇಳಲ್ಲ, ದಾನಿಯ ಆರೋಗ್ಯ ಇದಕ್ಕೆ ಒಪ್ಪಲ್ಲ ಅಂತ ಬರೆದು ಕಳಿಸ್ತೀವಿ. ಆದ್ರೆ ಇವತ್ತೇ ಹೇಳಿ. ಅಲ್ಲಿ ಅವರಿಗೆ ದಿನ ಇಲ್ಲ."

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆನೇನೋ. ಹಕ್ಕು ಎಂದಳಲ್ಲ, ಆ ಮಾತಿಗೆ ನಾನು ಕುಸಿದೆ. ಅಲ್ಲೇ ಅತ್ತೆ. ಇವತ್ತೇ ಸೂಜಿ ಹಾಕಿ ಎಂದೆ. ಅವಳು ಇನ್ನೊಂದು ಮಾತು ಕೇಳದೆ ತೋಳು ಹಿಡಿದು ಕರೆದುಕೊಂಡು ಹೋದಳು.

ಅದೇ ವಾರ ನಿಮ್ಮಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಕಾಯಿಲೆ ತಲೆ ಎತ್ತಿತ್ತು. ಮೂರು ವಾರದ ಹಿಂದೆ ಇರಲಿಲ್ಲ. ಬೇರೆ ದಾರಿ ಇಲ್ಲದೆ, ಗೊತ್ತು ಮಾಡಿದ್ದಕ್ಕಿಂತ ಗಟ್ಟಿ ಔಷಧಿ ಕೊಟ್ಟು ನಿನ್ನಮ್ಮನ ಮಜ್ಜೆಯನ್ನು ಪೂರ್ತಿ ಬರಿದು ಮಾಡಿದರು. ಒಮ್ಮೆ ಹಾಗೆ ಮಾಡಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಹೊಸದು ಬಂದು ಸೇರಲೇಬೇಕು. ಆ ಔಷಧಿಗೆ ಅವಳ ದೇಹ ಸೋತಿತು. ಶ್ವಾಸಕೋಶಕ್ಕೆ ಸೋಂಕು ಹಿಡಿಯಿತು. ನನ್ನ ಡಬ್ಬಿ ಇಲ್ಲಿಂದ ಹೊರಡುವ ಹಿಂದಿನ ದಿನವೇ ಹಿಡಿದಿತ್ತು. ಈ ಸಾಲನ್ನು ಎರಡು ಸಲ ಓದು.

ಇನ್ನು ನೀನು ಕೇಳಿದ ಮನುಷ್ಯ. ಅವರು ನಿವೃತ್ತ ಬಸ್ ಕಂಡಕ್ಟರ್. ಆಗ ಅರವತ್ತನಾಲ್ಕು ವರ್ಷ. ಇಂಥ ಡಬ್ಬಿಗಳನ್ನು ಕೈಯಲ್ಲೇ ಹಿಡಿದು ತಲುಪಿಸುವ ಸ್ವಯಂಸೇವಕರ ಸಂಘವೊಂದಿದೆ, ಅದರಲ್ಲಿ ಎಂಟು ವರ್ಷದಿಂದ ಇದ್ದರು. ಯಂತ್ರಕ್ಕೆ ಎರಡೂ ತೋಳು ಕೊಟ್ಟು ನಾನು ನಾಲ್ಕೂವರೆ ಗಂಟೆ ಮಲಗಿದ್ದೆ. ಚೀಲದಲ್ಲಿ ಕೊನೆಗೆ ಬಂದದ್ದು ಕೆಮ್ಮಣ್ಣು ಕದಡಿದ ನೀರಿನ ಬಣ್ಣದ್ದು, ಕಣ್ಣಳತೆಯಲ್ಲಿ ಮುನ್ನೂರು ಗ್ರಾಂ. ಯಾರು ಒಯ್ಯುತ್ತಾರೆ ಎಂದು ನೋಡಬೇಕು ಎಂದು ಹಟ ಮಾಡಿದೆ. ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಸರಕು ಶೆಡ್ಡಿನವಳು ಎಂದು ಹೇಳಿ, ತಪಾಸಣೆಯಲ್ಲಿ ಡಬ್ಬಿಯನ್ನು ಎಕ್ಸ್‌ರೇ ಯಂತ್ರದೊಳಗೆ ಹಾಕದಂತೆ ಯಾವ ಬಾಗಿಲಲ್ಲಿ ಯಾರನ್ನು ಕೇಳಬೇಕು ಎಂದು ವಿವರಿಸಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಮೂವತ್ತಾರು ವರ್ಷ ಬಸ್ಸಿನಲ್ಲಿ ಒಬ್ಬರನ್ನೂ ತಪ್ಪು ಸ್ಟಾಪಿನಲ್ಲಿ ಇಳಿಸಿದವನಲ್ಲ ನಾನು, ಇದನ್ನೂ ಸರಿಯಾದ ಕಡೆಯೇ ಇಳಿಸುತ್ತೇನೆ ಎಂದು ನಕ್ಕರು.

ಮಾರನೇ ದಿನ ನನಗೆ ವಿಶ್ರಾಂತಿ ಹೇಳಿದ್ದರೂ ಶೆಡ್ಡಿಗೆ ಹೋದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ನಡುವಿನ ನಿಲ್ದಾಣದಲ್ಲಿ ಮಂಜು ಎಂದು ಗಾಳಿ ಮಾಸ್ತರನೇ ಬಂದು ಹೇಳಿದ. ಬೆಳಿಗ್ಗೆ ಹತ್ತಕ್ಕೆ ಬಿಡುತ್ತದೆ ಎಂದ, ಆಮೇಲೆ ಮಧ್ಯಾಹ್ನ ಎಂದ, ಆಮೇಲೆ ನನ್ನ ಮುಖ ನೋಡಿ ಒಂದು ಕುರ್ಚಿ ತಂದು ತಕ್ಕಡಿಯ ಪಕ್ಕದಲ್ಲಿ ಹಾಕಿದ. ಅದರಲ್ಲಿ ಕೂತು ದಿನವಿಡೀ ಹೂವಿನ ಪೆಟ್ಟಿಗೆ ತೂಗಿದೆ. ಅಲ್ಲಿ ಆ ಹಿರಿಯರು ಇಪ್ಪತ್ತೊಂದು ಗಂಟೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿದ್ದೆ ಮಾಡಲಿಲ್ಲ. ಶೌಚಕ್ಕೆ ಹೋದಾಗಲೂ ಡಬ್ಬಿ ಜೊತೆಯಲ್ಲೇ. ಗಂಟೆಗೊಮ್ಮೆ ಅದರ ಮೇಲಿನ ಅಂಕಿ ನೋಡಿ ಪುಸ್ತಕದಲ್ಲಿ ಬರೆದರು. ಎರಡರಿಂದ ಎಂಟು ಡಿಗ್ರಿಯ ನಡುವೆ ಇರಬೇಕು ಎಂದು ನಿಯಮ. ಅವರ ಪುಸ್ತಕದಲ್ಲಿ ಒಮ್ಮೆಯೂ ಆರು ದಾಟಿಲ್ಲ.

ನಿನ್ನಮ್ಮನಿಗೆ ಅದನ್ನು ಹಾಕಿದರು. ಹತ್ತೊಂಬತ್ತನೇ ದಿನ ಹೋದಳು. ಬಾಯೆಲ್ಲ ಹುಣ್ಣಾಗಿ ಅವಳಿಗೆ ಮಾತು ನಿಂತಿತ್ತು, ಕೊನೆಗೂ ನಮ್ಮಿಬ್ಬರ ನಡುವೆ ಒಂದು ಶಬ್ದ ಆಗಲಿಲ್ಲ.

ನಿನ್ನಪ್ಪ ದುಃಖದಲ್ಲಿ ಯಾರನ್ನಾದರೂ ಹಿಡಿಯಬೇಕಿತ್ತು. ನಲವತ್ತೊಂದು ಗಂಟೆ ಸಿಕ್ಕಿತು. ಅಲ್ಲಿನ ವೈದ್ಯರು ಡಬ್ಬಿಯಿಂದ ತೊಂದರೆಯಾಗಿಲ್ಲ ಎಂದು ಬಾಯಲ್ಲಿ ಹೇಳಿದ್ದರಂತೆ. ತಮ್ಮ ತಪ್ಪು ಮುಚ್ಚಿಕೊಳ್ಳಲು ಹೇಳುತ್ತಾರೆ ಎಂದು ನಿನ್ನಪ್ಪ ಅಂದುಕೊಂಡರು. ವಿಮಾನದವರಿಗೆ, ಸಂಘಕ್ಕೆ, ಪತ್ರದ ಮೇಲೆ ಪತ್ರ ಬರೆದರು. ಆ ಮನುಷ್ಯ ನಡುವಿನ ನಿಲ್ದಾಣದಲ್ಲಿ ಬೇರೆ ವಿಮಾನ ಹುಡುಕಲಿಲ್ಲ, ಮಲಗಿಬಿಟ್ಟಿರಬೇಕು ಎಂದೂ ಬರೆದರು. ಸಂಘದವರು ಗಲಾಟೆ ಬೇಡವೆಂದು ಕಂಡಕ್ಟರ್ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ನಿನ್ನಪ್ಪ ಪ್ರತಿ ಪತ್ರದ ನಕಲನ್ನೂ ನನಗೆ ಕಳಿಸುತ್ತಿದ್ದರು. ಅಕ್ಕಾ, ನಿಮ್ಮ ತ್ಯಾಗ ವ್ಯರ್ಥವಾಗಲು ನಾನು ಬಿಡುವುದಿಲ್ಲ ಎಂದು ಮೇಲೊಂದು ಚೀಟಿ.

ನಾನು ಕೊರಗುತ್ತಿದ್ದದ್ದನ್ನು ನೋಡಲಾರದೆ ನರ್ಸ್ ಒಂದು ದಿನ ನನ್ನನ್ನು ಕರೆದು ಒಂದು ಕಾಗದದ ನಕಲು ಕೊಟ್ಟಳು. ದಾನಿಗೆ ಕೊಡುವ ಕಾಗದವಲ್ಲ, ಆದರೂ ಕೊಟ್ಟಳು. ನನ್ನ ತಡದ ನಿಜ ಗೊತ್ತಿದ್ದ ಒಬ್ಬಳೇ ಒಬ್ಬಳು ಅವಳು, ಅವಳು ಅದನ್ನು ಯಾವತ್ತೂ ಎತ್ತಲಿಲ್ಲ. ಆ ಕಾಗದ ನಿಮ್ಮ ಆಸ್ಪತ್ರೆಯ ಪ್ರಯೋಗಾಲಯದ ವರದಿ. ಡಬ್ಬಿ ತೆರೆದಾಗ ನೂರಕ್ಕೆ ತೊಂಬತ್ತನಾಲ್ಕು ಕೋಶಗಳು ಜೀವಂತ. ಕೆಳಗೆ ವೈದ್ಯರ ಬರಹದಲ್ಲಿ, ಹದಿನಾರನೇ ದಿನ ಹೊಸ ಕೋಶಗಳು ಬೇರೂರತೊಡಗಿದ್ದವು, ಸಾವಿಗೆ ಕಾರಣ ಶ್ವಾಸಕೋಶದ ಸೋಂಕು ಎಂದಿದೆ. ಮನೆಗೆ ಬಂದು ಅದನ್ನು ಬೀರುವಿನ ಕೆಳಖಾನೆಯಲ್ಲಿ ಹೊದಿಕೆಗಳ ಅಡಿಗೆ ಹಾಕಿದೆ. ನಿನ್ನಪ್ಪನಿಗೆ ಕಳಿಸಿದರೆ, ಹಾಗಾದರೆ ಸೋಂಕು ಯಾಕೆ ಬಂತು, ಗಟ್ಟಿ ಔಷಧಿ ಯಾಕೆ ಕೊಟ್ಟರು, ಕಾಯಿಲೆ ಯಾವಾಗ ತಲೆ ಎತ್ತಿತು ಎಂದು ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೇ ಬರುತ್ತಿದ್ದರು.

ಆರು ತಿಂಗಳ ಮೇಲೆ ಕಂಡಕ್ಟರ್ ಶೆಡ್ಡಿಗೆ ಬಂದರು. ಸಂಘದವರು ಕಾರಣ ಸರಿಯಾಗಿ ಹೇಳಿರಲಿಲ್ಲವಂತೆ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂಬುದು ನೆನಪಿತ್ತು, ಅಷ್ಟೇ. ಆ ಹೊತ್ತಿಗೆ ಕೋಳಿಮರಿಗಳ ನಲವತ್ತು ಪೆಟ್ಟಿಗೆ ಬಂದಿದ್ದವು, ಚಿಲಿಪಿಲಿಯಲ್ಲಿ ಮಾತೇ ಕೇಳುತ್ತಿರಲಿಲ್ಲ. ಅವರು ಹತ್ತಿರ ಬಂದು, ತಮ್ಮ ಟಿಪ್ಪಣಿ ಪುಸ್ತಕವನ್ನು ನನ್ನ ತಕ್ಕಡಿಯ ಮೇಲೆ ತೆರೆದಿಟ್ಟರು. ಗಂಟೆಗೊಂದರಂತೆ ನಲವತ್ತೊಂದು ಸಾಲು.

"ಅಮ್ಮಾ, ನನ್ನಿಂದ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ? ನಿಜ ಹೇಳಿ, ನಾನು ತಡ್ಕೋತೀನಿ."

ನಾನು ಆ ಸಾಲುಗಳನ್ನು ನೋಡುತ್ತಾ ನಿಂತೆ. ವರದಿ ನನ್ನ ಮನೆಯಲ್ಲಿತ್ತು, ಇಪ್ಪತ್ತೈದು ನಿಮಿಷದ ದಾರಿ.

"ನನಗೂ ಗೊತ್ತಿಲ್ಲ" ಎಂದೆ.

ಅವರು ಪುಸ್ತಕ ಮುಚ್ಚಿ, ಕೈಮುಗಿದು ಹೋದರು. ನಿನ್ನಮ್ಮನ ವಿಷಯದಲ್ಲಿ ನಾನು ಮಾಡಿದ್ದಕ್ಕೆ ನೋವು, ಮಾತು, ಹಟ ಎಂದು ಏನಾದರೂ ಹೆಸರಿಡಬಹುದು. ಇದಕ್ಕೆ ಇಡಲು ನನಗೆ ಹೆಸರು ಸಿಗಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಇನ್ನು ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. ನೀನು ಬಂದು ಅವರೆದುರು ನಿಲ್ಲುವ ಮೊದಲು ನಾನು ನಿಲ್ಲಬೇಕಿತ್ತು. ಹಳೆಯ ಬಸ್ ಡಿಪೋದಲ್ಲಿ ಕೇಳಿ ಮನೆ ಹುಡುಕಿದೆ. ಕಳೆದ ಭಾನುವಾರ ಹೋದೆ. ಎರಡನೇ ಮಹಡಿ, ಒಂದೇ ಕೋಣೆ, ಕಿಟಕಿಗೆ ಮುಖ ಮಾಡಿದ ಒಂದು ಕುರ್ಚಿ. ಎಪ್ಪತ್ತೈದು ಆಗಿದೆ ಈಗ. ನನ್ನ ಗುರುತು ಹಿಡಿದರು. ನಿನಗೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ, ಇಪ್ಪತ್ತಮೂರು ದಿನವನ್ನೂ ಬಿಡಲಿಲ್ಲ. ವರದಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಬೆರಳಿಟ್ಟು, ಟಿಕೆಟ್ಟಿನ ನಂಬರು ನೋಡುವ ಹಾಗೆ. ಅವರು ಬೈಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ.

"ಇದನ್ನ ನನ್ನ ಹೆಂಡತಿಗೆ ತೋರಿಸಬೇಕಿತ್ತು" ಎಂದರು.

ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಒಂದು ಜೀವ ಹೋಗಲು ಇವರೇ ಕಾರಣ ಎಂದು ಗಲ್ಲಿಯವರು ಆಡಿಕೊಂಡಾಗ ಆಕೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟರಂತೆ. ನೀವು ನಿದ್ದೆ ಮಾಡಲಿಲ್ಲ ತಾನೇ, ಒಂದು ಹತ್ತು ನಿಮಿಷವೂ ಕಣ್ಣು ಮುಚ್ಚಲಿಲ್ಲ ತಾನೇ ಎಂದು ಕೊನೆಯವರೆಗೂ ಆಗಾಗ ಕೇಳುತ್ತಿದ್ದರಂತೆ. ಇದನ್ನು ಅವರು ಯಾವ ಸಿಟ್ಟೂ ಇಲ್ಲದೆ ಹೇಳಿದರು. ವರದಿಯ ಒಂದು ನಕಲು ಬೇಕೆಂದರು. ಕೆಳಗಿಳಿದು ಅಂಗಡಿಯಲ್ಲಿ ಮಾಡಿಸಿ ತಂದೆ. ತೆಗೆದುಕೊಂಡು, ಬಾಗಿಲವರೆಗೆ ಬಂದು, ಇನ್ನು ಬರಬೇಡಿ ಎಂದರು. ಬಾಗಿಲು ಹಾಕಿಕೊಂಡ ಸದ್ದು ಕೂಡ ಮೆಲ್ಲಗೆ.

ಆದ್ದರಿಂದ ಅವರ ವಿಳಾಸವನ್ನು ಕೊಡುವುದಿಲ್ಲ. ನಿನ್ನ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನು, ನನ್ನ ವಿಳಾಸ ನಿನಗೆ ಗೊತ್ತು. ವರದಿ ಇದರ ಜೊತೆಗಿದೆ. ನಿನ್ನಪ್ಪನಿಗೆ ಈ ಪತ್ರವನ್ನು ಪೂರ್ತಿ ಓದಲು ಕೊಡು, ನೀನಾಗಿ ಸಾರಾಂಶ ಹೇಳಬೇಡ. ನನ್ನ ಮೇಲಿನ ಮಮತೆಗೆ ಎಲ್ಲೋ ಒಂದು ಕಡೆ ಮೆತ್ತಗೆ ಮಾಡಿಬಿಡುತ್ತೀಯ. ಸಂಘದವರಿಗೆ ನಾನೇ ಬರೆದಿದ್ದೇನೆ, ನಿನ್ನೆ ಅಂಚೆಗೆ ಹಾಕಿದೆ. ಅವರು ಆ ಹಿರಿಯರಿಗೆ ಒಂದು ಪತ್ರ ಬರೆದರೆ ಅಷ್ಟೇ ಆಯಿತು. ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೇನೋ ಎಂಬ ಹೆದರಿಕೆ.

ಮುಂದಿನ ತಿಂಗಳು ಬಂದರೆ ಎಂದಿನ ಕೋಣೆ ಇದೆ. ಬೇರೆ ಕಡೆ ಇಳಿದುಕೊಳ್ಳುವುದಾದರೆ ಹಾಗೇ ಮಾಡು. ಬರುವುದೇ ಬೇಡ ಎನಿಸಿದರೆ ತಿಳಿಸುವ ಅಗತ್ಯವೂ ಇಲ್ಲ, ನಾನು ಅರ್ಥ ಮಾಡಿಕೊಳ್ಳುತ್ತೇನೆ. ಊಟ ನಿದ್ದೆ ಕೆಡಿಸಿಕೊಳ್ಳಬೇಡ.

ನಿನ್ನ ಅಮ್ಮನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಆ ಇಪ್ಪತ್ತಮೂರು ದಿನದಲ್ಲಿ ಒಂಬತ್ತನೇ ದಿನ ನಿನ್ನಮ್ಮ ಫೋನು ಮಾಡಿದ್ದಳು. ಮೂರು ವರ್ಷದ ಮೇಲೆ ಅವಳ ದನಿ ಕೇಳಿದೆ. ನಿನಗೆ ಶಾಲೆಯಿಂದ ತಲೆಗೆ ಹೇನು ಹತ್ತಿತ್ತಂತೆ, ಸೋಂಕಿನ ಭಯಕ್ಕೆ ತಾನು ಮಗುವನ್ನು ಹತ್ತಿರ ಕೂರಿಸಿಕೊಳ್ಳುವಂತಿಲ್ಲ, ಅಮ್ಮ ನಮಗೆ ಏನು ಮಾಡುತ್ತಿದ್ದಳು ಎಂದು ಕೇಳಿದಳು. ಕೂದಲು ಒದ್ದೆ ಮಾಡಿ, ಎಳೆ ಎಳೆ ಬಿಡಿಸಿ, ಬಿಳಿ ಬಟ್ಟೆ ಹಾಸಿ ಸೀರಣಿಗೆಯಲ್ಲಿ ಬಾಚಬೇಕು ಎಂದು ಹೇಳಿದೆ. ಹೇನಿನ ಮೇಲೆ ಹನ್ನೊಂದು ನಿಮಿಷ ಮಾತಾಡಿದೆವು. ಆಮೇಲೆ ಹೇನಿನ ಮಾತು ಮುಗಿಯಿತು. ಅವಳ ಉಸಿರು ಕೇಳುತ್ತಿತ್ತು. "ಮತ್ತೆ?" ಎಂದಳು. "ಮತ್ತೇನಿಲ್ಲ" ಎಂದೆ. "ಇಡಲಾ ಅಕ್ಕಾ?" ಎಂದಳು. ಇಡು ಎಂದೆ.